ವಿಡಿಯೋ ಬೇಸ್‌ಬಾಲಿನಲ್ಲಿ ಹಿಡಿತ ಮತ್ತು ಎಸೆತ

ಚೆಂಡಾಟಗಳಲ್ಲಿ ಹೊಡೆಯುವವನಿಗೆ ಸಲ್ಲುವ ಕೀರ್ತಿ ಹಿಡಿಯುವವನಿಗೆ ಸಲ್ಲುವುದಿಲ್ಲ. ನಮ್ಮ ಕಾಲೇಜಿನ ಮೈದಾನದಲ್ಲಿ ಸಿಕ್ಸರು ಬಾರಿಸಿದವನ ಹೆಸರು ವರ್ಷವಿಡೀ ಉಳಿಯುತ್ತದೆ. ಅದೇ ಪಂದ್ಯದಲ್ಲಿ ಬೌಂಡರಿಯ ಬಳಿಯಿಂದ ನೇರವಾಗಿ ಎಸೆದು ಒಬ್ಬನನ್ನು ರನ್‌ಔಟ್ ಮಾಡಿದವನನ್ನು ಸಂಜೆಯ ಹೊತ್ತಿಗೆ ಮರೆತಿರುತ್ತೇವೆ. ಟಿ.ವಿ. ಪರದೆಯ ಮೇಲೆ ಆಡುವ ಬೇಸ್‌ಬಾಲ್ ಆಟದ ಮಾತು ಬಂದಾಗಲೂ ಜನ ಬ್ಯಾಟು ಬೀಸುವ ವಿಚಾರವನ್ನೇ ಹೆಚ್ಚಾಗಿ ಆಡುತ್ತಾರೆ. ಆದರೆ ಆ ಆಟಕ್ಕೆ ಹೊಸದಾಗಿ ಕೈಹಾಕಿದವನನ್ನು ನಿಜವಾಗಿ ಕಾಡುವುದು ಹೊಡೆದ ಚೆಂಡನ್ನು ಹಿಡಿಯುವ ಕೆಲಸ, ಮತ್ತು ಹಿಡಿದ ಮೇಲೆ ಅದನ್ನು ಎಸೆಯುವ ಕೆಲಸ. ಈ ಕಷ್ಟ ಎಲ್ಲಿಂದ ಹುಟ್ಟುತ್ತದೆ, ಆಟವನ್ನು ರಚಿಸುವವರು ಅದನ್ನು ಹೇಗೆ ಹೆಚ್ಚುಕಡಿಮೆ ಮಾಡುತ್ತಾರೆ, ಅದರಲ್ಲಿ ಯಾವುದು ನ್ಯಾಯವಾದ ಕಷ್ಟ, ಯಾವುದು ಅಲ್ಲ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಕ್ರಿಕೆಟ್ಟಿನಲ್ಲಿ ಬೆಳೆದ ನನಗೆ ಈ ವಿಷಯದ ಚಿಂತೆ ಹತ್ತಿದ್ದಕ್ಕೆ ಒಂದು ಕಾರಣವುಂಟು. ಕಳೆದ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನವರು ಸಂಸಾರಸಮೇತ ಊರಿಗೆ ಬಂದಿದ್ದರು. ಅವರ ಮಗ ಹನ್ನೆರಡು ವರ್ಷದವನು. ಅಲ್ಲಿಯೇ ಹುಟ್ಟಿ ಬೆಳೆದವನಾದ್ದರಿಂದ ಅವನ ಕನ್ನಡ ಅಷ್ಟಕ್ಕಷ್ಟೆ. ನನ್ನ ಇಂಗ್ಲಿಷೂ ಅವನಿಗೆ ಅಷ್ಟಕ್ಕಷ್ಟೆ. ಮಳೆ ಹಿಡಿದು ಹೊರಗೆ ಹೋಗುವಂತಿರಲಿಲ್ಲ. ಅವನು ತಂದಿದ್ದ ಆಟದ ಯಂತ್ರವೇ ನಮ್ಮಿಬ್ಬರ ನಡುವಣ ಭಾಷೆಯಾಯಿತು. ಬ್ಯಾಟು ಬೀಸುವುದನ್ನು ನಾನು ಎರಡು ದಿನಗಳಲ್ಲಿ ಕಲಿತೆ. ಫೀಲ್ಡಿಂಗು ಮಾತ್ರ ಕೈಗೆ ಹತ್ತಲಿಲ್ಲ. ನನ್ನ ಆಟಗಾರರು ಚೆಂಡಿನ ಪಕ್ಕದಲ್ಲಿ ಓಡಿಹೋಗುತ್ತಿದ್ದರು. ಹಿಡಿದರೆ ಯಾರೂ ಇಲ್ಲದ ಕಡೆಗೆ ಎಸೆಯುತ್ತಿದ್ದರು. ಮೂರನೆಯ ದಿನ ಹುಡುಗ ಬಹಳ ಸೌಜನ್ಯದಿಂದ, “ಅಣ್ಣ, ನಿಂಗೆ ಫೀಲ್ಡಿಂಗ್ ಆಟೋಮ್ಯಾಟಿಕ್ ಮಾಡ್ಲಾ?” ಎಂದು ಕೇಳಿದ. ಅವನ ಮನಸ್ಸಿನಲ್ಲಿ ಉಪಕಾರವಲ್ಲದೆ ಬೇರೇನೂ ಇರಲಿಲ್ಲ. ಆದರೂ ನನ್ನ ಮುಖ ಕೆಂಪಾಯಿತು. ಬೇಡವೆಂದೆ. ಅಂದಿನಿಂದಲೇ ಈ ಅಧ್ಯಯನ ಆರಂಭವಾಯಿತೆನ್ನಬಹುದು.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಬೇಸ್‌ಬಾಲ್ ಮೈದಾನದ ಒಳಭಾಗ ಒಂದು ಚೌಕ. ಒಂದು ಮೂಲೆಯ ಮೇಲೆ ನಿಲ್ಲಿಸಿದಂತೆ ಕಾಣುವುದರಿಂದ ಅದನ್ನು ವಜ್ರವೆಂದು ಕರೆಯುತ್ತಾರೆ. ಕೆಳಗಿನ ಮೂಲೆ ಹೋಮ್, ಅಂದರೆ ಮನೆ. ಬಲಗಡೆ ಮೊದಲನೆಯ ಬೇಸು, ಮೇಲೆ ಎರಡನೆಯದು, ಎಡಗಡೆ ಮೂರನೆಯದು. ಒಂದು ಬೇಸಿನಿಂದ ಮುಂದಿನದಕ್ಕೆ 90 ಅಡಿ. ಕ್ರಿಕೆಟ್ಟಿನಲ್ಲಿ ಚೆಂಡು ಬ್ಯಾಟಿಗೆ ತಗುಲಿದರೂ ಓಡಲೇಬೇಕೆಂಬ ನಿಯಮವಿಲ್ಲ. ಇಲ್ಲಿ ಹಾಗಲ್ಲ. ಗೆರೆಗಳೊಳಗೆ ಚೆಂಡನ್ನು ಹೊಡೆದವನು ಮೊದಲನೆಯ ಬೇಸಿಗೆ ಓಡಲೇಬೇಕು. ಅಲ್ಲಿ ಮೊದಲೇ ಒಬ್ಬನಿದ್ದರೆ ಅವನು ಎರಡನೆಯದಕ್ಕೆ ಜಾಗ ಬಿಡಲೇಬೇಕು. ಹೀಗೆ ಓಡಲೇಬೇಕಾದವನು ತಲಪುವ ಮೊದಲು ಫೀಲ್ಡರು ಚೆಂಡನ್ನು ಹಿಡಿದು ಆ ಬೇಸನ್ನು ಮೆಟ್ಟಿದರೆ ಸಾಕು, ಓಡುವವನು ಔಟು. ಓಡಲೇಬೇಕೆಂಬ ಕಟ್ಟಿಲ್ಲದವನನ್ನಾದರೋ ಚೆಂಡಿನಿಂದ ಮುಟ್ಟಿಯೇ ಔಟು ಮಾಡಬೇಕು. ಆದುದರಿಂದ ಫೀಲ್ಡರಿಗೆ ಎಸೆಯಲು ನಾಲ್ಕು ದಿಕ್ಕುಗಳಿವೆ. ಯಾವ ಕ್ಷಣಕ್ಕೆ ಯಾವುದು ಸರಿ ಎಂಬುದು ಬೇಸುಗಳ ಮೇಲೆ ಯಾರಿದ್ದಾರೆ, ಎಷ್ಟು ಮಂದಿ ಔಟಾಗಿದ್ದಾರೆ ಎಂಬುದನ್ನು ಅವಲಂಬಿಸಿದೆ. ನಮ್ಮ ಹುಡುಗರು ಬಹುಕಾಲ ಆಡಿದ ಕ್ರಿಕೆಟ್ 07 ಎಂಬ ಆಟದಲ್ಲಿ ಎಸೆತಕ್ಕೆ ಎರಡೇ ಕೊನೆಗಳು: ಕೀಪರು ಅಥವಾ ಬೌಲರು. ಎರಡು ನಾಲ್ಕಾದರೆ ಕಷ್ಟವೂ ಎರಡರಷ್ಟೇ ಆಗುತ್ತದೆಂದು ನಾನು ತಿಳಿದಿದ್ದೆ. ಅದು ತಪ್ಪು.

ಈಗ ಸ್ವಲ್ಪ ಗಣಿತ. ಮೇಲಿನ ಶ್ರೇಣಿಯ ಅಮೆರಿಕನ್ ಆಟದಲ್ಲಿ ಬಲಗೈಯಿಂದ ಹೊಡೆಯುವ ಸಾಧಾರಣ ಆಟಗಾರ ಹೊಡೆದ ಕ್ಷಣದಿಂದ ಮೊದಲನೆಯ ಬೇಸು ಮುಟ್ಟಲು ಸುಮಾರು 4.3 ಸೆಕೆಂಡು ಹಿಡಿಯುತ್ತದೆ. ಅವನು ನೆಲದ ಮೇಲೆ ಉರುಳುವಂತೆ ಚೆಂಡನ್ನು ಷಾರ್ಟ್‌ಸ್ಟಾಪ್ ಎಂಬ ಫೀಲ್ಡರಿನ ಕಡೆಗೆ ಹೊಡೆದನೆನ್ನಿ. ಈತ ನಿಲ್ಲುವುದು ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ. ಚೆಂಡು ಅವನನ್ನು ಮುಟ್ಟಲು ಸ್ಥೂಲವಾಗಿ 1.9 ಸೆಕೆಂಡು. ಅದನ್ನು ಗ್ಲೌಸಿನಿಂದ ತೆಗೆದು, ಹೆಜ್ಜೆ ಊರಿ, ಕೈಬೀಸಿ ಬಿಡಲು ಇನ್ನೊಂದು ಸೆಕೆಂಡು. ಗಂಟೆಗೆ 80 ಮೈಲಿ ವೇಗದ ಎಸೆತವೆಂದರೆ ಸೆಕೆಂಡಿಗೆ ಸುಮಾರು 117 ಅಡಿ. 120 ಅಡಿ ದೂರದ ಮೊದಲನೆಯ ಬೇಸಿಗೆ, ಗಾಳಿಯ ತಡೆಯನ್ನೂ ಸೇರಿಸಿ, 1.1 ಸೆಕೆಂಡು. ಒಟ್ಟು ನಾಲ್ಕು ಸೆಕೆಂಡು. ಉಳಿಯುವುದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು.

ಮನುಷ್ಯನು ಕಣ್ಣಿಗೆ ಕಂಡದ್ದಕ್ಕೆ ಬೆರಳು ಆಡಿಸಲು ಸುಮಾರು ಕಾಲು ಸೆಕೆಂಡು ಬೇಕು. ಅಂದರೆ ನಿಜವಾದ ಆಟದ ವೇಗವನ್ನೇ ಪರದೆಯ ಮೇಲೆ ಇಟ್ಟರೆ, ಆಡುವವನು ಒಮ್ಮೆ ತಡವರಿಸಿದರೆ ಮುಗಿಯಿತು. ಇದರ ಜೊತೆಗೆ ಯಂತ್ರದ ಸಂಕಟಗಳೂ ಸೇರುತ್ತವೆ. ಗುಂಡಿ ಒತ್ತಿದ್ದು ಪರದೆಯ ಮೇಲೆ ಕಾಣುವುದಕ್ಕೆ ಟಿ.ವಿ. ತಾನೂ ಸ್ವಲ್ಪ ಕಾಲವನ್ನು ನುಂಗುತ್ತದೆ. ಚೆಂಡು ಬ್ಯಾಟಿಗೆ ತಗುಲಿದೊಡನೆ ನೋಟ ಬದಲಾಗುತ್ತದೆ: ಅದುವರೆಗೆ ಪಿಚ್ಚರನ್ನು ಎದುರಿನಿಂದ ನೋಡುತ್ತಿದ್ದವರಿಗೆ ಥಟ್ಟನೆ ಇಡೀ ಮೈದಾನ ಮೇಲಿನಿಂದ ಕಾಣುತ್ತದೆ. ಒಂಬತ್ತು ಜನರಲ್ಲಿ ಈಗ ನನ್ನ ಕೈಯಲ್ಲಿರುವವನು ಯಾರು ಎಂದು ಹುಡುಕಬೇಕು. ಅವನು ನಮ್ಮ ಕಡೆಗೆ ಮುಖಮಾಡಿ ನಿಂತಿರುವುದರಿಂದ ಅವನ ಬಲಗಡೆ ನಮ್ಮ ಎಡಗಡೆ. ನಿಜವಾದ ಮೈದಾನದಲ್ಲಿ ಒಂಬತ್ತು ತಲೆಗಳಿಗೆ ಹಂಚಿಹೋದ ಕೆಲಸ ಇಲ್ಲಿ ಒಂದು ತಲೆಗೆ, ಎರಡು ಹೆಬ್ಬೆರಳಿಗೆ ಬಂದು ಕೂರುತ್ತದೆ.

ಆಟದ ರಚನಕಾರರು ಈ ಗಂಟನ್ನು ಬಿಡಿಸಲು ಮಾಡಿದ ಪ್ರಯತ್ನಗಳ ಕಥೆ ಸ್ವಾರಸ್ಯವಾಗಿದೆ. 1980ರಲ್ಲಿ ಮ್ಯಾಟೆಲ್ ಸಂಸ್ಥೆಯ ಇಂಟೆಲಿವಿಷನ್ ಯಂತ್ರಕ್ಕೆ ಬಂದ ಬೇಸ್‌ಬಾಲಿನಲ್ಲಿ ಟೆಲಿಫೋನಿನಂತೆ ಹನ್ನೆರಡು ಗುಂಡಿಗಳ ಹಲಗೆಯಿತ್ತು. ಅದರ ಮೇಲೆ ಮೈದಾನದ ಚಿತ್ರವಿರುವ ತೆಳುವಾದ ಹಾಳೆಯನ್ನು ಹೊದಿಸಿ, ಬೇಕಾದ ಫೀಲ್ಡರಿನ ಸ್ಥಾನವನ್ನು ಒತ್ತಿ ಅವನನ್ನು ಕರೆಯಬೇಕಾಗಿತ್ತು. ಪ್ರಾಮಾಣಿಕವಾದ ಉಪಾಯ, ಆದರೆ ಕೈಯನ್ನು ನೋಡಿದರೆ ಚೆಂಡು ತಪ್ಪುತ್ತದೆ, ಚೆಂಡನ್ನು ನೋಡಿದರೆ ಗುಂಡಿ ತಪ್ಪುತ್ತದೆ. ಜಪಾನಿನ ನಿಂಟೆಂಡೋ ಸಂಸ್ಥೆ 1983ರಲ್ಲಿ ಹೊರತಂದ ಬೇಸ್‌ಬಾಲಿನಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು: ಫೀಲ್ಡರುಗಳು ತಾವಾಗಿಯೇ ಚೆಂಡಿನ ಕಡೆಗೆ ಓಡುತ್ತಿದ್ದರು, ಎಸೆಯುವ ಕೆಲಸವಷ್ಟೇ ಆಡುವವನದು. 1986ರ ಡಿಸೆಂಬರಿನಲ್ಲಿ ನ್ಯಾಮ್ಕೋ ಸಂಸ್ಥೆಯ ಫ್ಯಾಮಿಲಿ ಸ್ಟೇಡಿಯಂ ಬಂದಾಗ ಓಡಿಸುವ ಕೆಲಸವೂ ಆಡುವವನ ಕೈಗೆ ಬಂತು. ಮುಂದೆ 2006ರ ವೀ ಸ್ಪೋರ್ಟ್ಸ್ ಆಟದಲ್ಲಿ ನಿಂಟೆಂಡೋ ಮತ್ತೆ ಹಿಂದಕ್ಕೆ ಸರಿದು ಹಿಡಿಯುವುದು, ಎಸೆಯುವುದು ಎರಡನ್ನೂ ಯಂತ್ರಕ್ಕೇ ಬಿಟ್ಟುಬಿಟ್ಟಿತು. ಮನೆಮಂದಿಯೆಲ್ಲ ಆಡಬೇಕಾದರೆ ಮೊದಲು ಬಿಡಬೇಕಾದದ್ದು ಫೀಲ್ಡಿಂಗು ಎಂದು ಅವರು ಕಂಡುಕೊಂಡಿರಬೇಕು.

ಇಲ್ಲಿ ಒಂದು ಸುಂದರವಾದ ಆಕಸ್ಮಿಕವನ್ನು ಹೇಳದೆ ಮುಂದೆ ಹೋಗಲಾರೆ. ನಿಂಟೆಂಡೋ ಯಂತ್ರದ ಕಂಟ್ರೋಲರಿನಲ್ಲಿ ದಿಕ್ಕು ತೋರಿಸಲು ಕೂಡಿಕೆಯ ಚಿಹ್ನೆಯ ಆಕಾರದ ಗುಂಡಿಯಿದೆ. ಗುನ್‌ಪೇ ಯೊಕೊಯಿ ಎಂಬವರು 1982ರಲ್ಲಿ ಅಂಗೈ ಅಗಲದ ಬೇರೊಂದು ಆಟಕ್ಕಾಗಿ ರೂಪಿಸಿದ್ದು ಅದು. ಅದರ ನಾಲ್ಕು ತುದಿಗಳೂ ಬೇಸ್‌ಬಾಲ್ ವಜ್ರದ ನಾಲ್ಕು ಮೂಲೆಗಳೂ ಹೇಳಿಮಾಡಿಸಿದಂತೆ ಹೊಂದಿಕೊಂಡವು. ಬಲಕ್ಕೆ ಒತ್ತಿ ಎಸೆದರೆ ಮೊದಲನೆಯ ಬೇಸು, ಮೇಲಕ್ಕೆ ಎರಡನೆಯದು, ಎಡಕ್ಕೆ ಮೂರನೆಯದು, ಕೆಳಕ್ಕೆ ಮನೆ. ಬಾಯಿಪಾಠದ ಅಗತ್ಯವೇ ಇಲ್ಲ. ಆದರೆ ಓಡಿಸುವುದೂ ಅದೇ ಗುಂಡಿಯಿಂದಲೇ ಆದುದರಿಂದ ಹೊಸ ತೊಡಕು ಹುಟ್ಟಿತು. ಎಡಕ್ಕೆ ಓಡಿ ಚೆಂಡು ಹಿಡಿದವನು ಹೆಬ್ಬೆರಳನ್ನು ಬದಲಿಸುವುದರೊಳಗೆ ಎಸೆದರೆ ಚೆಂಡು ಮೂರನೆಯ ಬೇಸಿಗೆ ಹೋಗುತ್ತಿತ್ತು, ಅಲ್ಲಿ ಕೆಲಸವಿರಲಿ ಬಿಡಲಿ. ಬಲಗೈಗೂ ವಜ್ರಾಕಾರದ ನಾಲ್ಕು ಗುಂಡಿಗಳು ಬಂದ ಮೇಲೆ ಈ ತೊಡಕು ನೀಗಿತು. ಈಗ ಪ್ಲೇಸ್ಟೇಷನ್ ಯಂತ್ರದಲ್ಲಿ ವೃತ್ತದ ಗುಂಡಿ ಮೊದಲನೆಯ ಬೇಸು, ತ್ರಿಕೋನ ಎರಡನೆಯದು, ಚೌಕ ಮೂರನೆಯದು, ಗುಣಾಕಾರದ ಚಿಹ್ನೆ ಮನೆ. ಎಡ ಹೆಬ್ಬೆರಳು ಓಡಿಸುತ್ತದೆ, ಬಲ ಹೆಬ್ಬೆರಳು ಎಸೆಯುತ್ತದೆ.

ಆಕಾಶಕ್ಕೆ ಏರಿದ ಚೆಂಡಿನದು ಬೇರೊಂದು ಸಮಸ್ಯೆ. ಅದು ನೆಲಕ್ಕೆ ತಗುಲುವ ಮೊದಲೇ ಹಿಡಿದರೆ ಹೊಡೆದವನು ಔಟು. ನಿಜವಾದ ಫೀಲ್ಡರು ಅದು ಬೀಳುವ ಜಾಗವನ್ನು ಹೇಗೆ ಕಂಡುಕೊಳ್ಳುತ್ತಾನೆಂಬುದನ್ನು ಭೌತಶಾಸ್ತ್ರದವರೂ ವಿಚಾರಿಸಿದ್ದಾರೆ. 1968ರಲ್ಲಿ ಸೆವಿಲ್ ಚಾಪ್‌ಮನ್ ಎಂಬ ವಿಜ್ಞಾನಿ ಒಂದು ಸರಳವಾದ ಸೂತ್ರವನ್ನು ತೋರಿಸಿದರು. ಫೀಲ್ಡರಿನ ಕಣ್ಣಿಗೆ ಚೆಂಡು ಕಾಣುವ ಎತ್ತರದ ಕೋನವುಂಟಷ್ಟೆ. ಅದರ ಟ್ಯಾಂಜೆಂಟು ಸಮಗತಿಯಲ್ಲಿ ಏರುತ್ತಿದ್ದರೆ ಅವನು ನಿಂತಿರುವ ಜಾಗ ಸರಿ. ಏರಿಕೆಯ ಗತಿ ಹೆಚ್ಚುತ್ತಾ ಹೋದರೆ ಚೆಂಡು ತಲೆಯ ಮೇಲೆ ಹಾರಿಹೋಗುತ್ತದೆ, ಹಿಂದಕ್ಕೆ ಓಡಬೇಕು; ಕುಗ್ಗುತ್ತಾ ಹೋದರೆ ಎದುರಿಗೆ ಬೀಳುತ್ತದೆ, ಮುಂದಕ್ಕೆ ಓಡಬೇಕು. ಗಾಳಿಯ ತಡೆಯನ್ನು ಬಿಟ್ಟು ಮಾಡಿದ ಲೆಕ್ಕವಾದರೂ ವಿಷಯ ಸ್ಪಷ್ಟವಾಗಿದೆ. ಫೀಲ್ಡರಿಗೆ ಟ್ಯಾಂಜೆಂಟು ಗೊತ್ತಿಲ್ಲ. ಅವನ ಕಣ್ಣಿಗೆ ಗೊತ್ತು. ಪರದೆಯ ಮುಂದೆ ಕುಳಿತವನಿಗಾದರೋ ಈ ಸಹಾಯವೇ ಇಲ್ಲ. ಅವನು ನೋಡುವುದು ಫೀಲ್ಡರಿನ ಕಣ್ಣಿನಿಂದಲ್ಲ, ಮನೆಯ ಹಿಂದಿನ ಎತ್ತರದಿಂದ; ಅದೂ ಆಳವಿಲ್ಲದ ಚಪ್ಪಟೆ ಚಿತ್ರ. ಆದುದರಿಂದ ಹಳೆಯ ಆಟಗಳು ನೆಲದ ಮೇಲೆ ಚೆಂಡಿನ ನೆರಳನ್ನು ಬಿಡಿಸಿದವು. ಈಚಿನವು ಚೆಂಡು ಬೀಳುವ ಜಾಗದಲ್ಲಿ ಒಂದು ಉಂಗುರವನ್ನೇ ಇಡುತ್ತವೆ. ಆ ಉಂಗುರವನ್ನು ಕಂಡು ಇದು ಮೋಸವೆಂದು ಮೊದಲು ನನಗನ್ನಿಸಿತ್ತು. ನಿಜವಾದ ಆಟಗಾರನಿಗೆ ಕಣ್ಣು ಕೊಡುವ ಜ್ಞಾನವನ್ನೇ ನಮಗೆ ಉಂಗುರ ಕೊಡುತ್ತದೆಂದು ತಿಳಿದ ಮೇಲೆ ಆ ಸಂಕೋಚ ಹೋಯಿತು.

ಇನ್ನು ಎಸೆತ. ಬಹಳ ಕಾಲ ಇದು ಗುಂಡಿ ಒತ್ತಿದರೆ ಮುಗಿಯುವ ಕೆಲಸವಾಗಿತ್ತು. ದಿಕ್ಕು ಸರಿಯಿದ್ದರೆ ಚೆಂಡು ತಲಪುತ್ತಿತ್ತು. ಇಎ ಸ್ಪೋರ್ಟ್ಸ್ ಸಂಸ್ಥೆಯಿಂದ 2003, 2004, 2005ರಲ್ಲಿ ಬಂದ ಎಂವಿಪಿ ಬೇಸ್‌ಬಾಲ್ ಆಟಗಳಲ್ಲಿ ಎಸೆತಕ್ಕೂ ಒಂದು ಅಳತೆಪಟ್ಟಿ ಬಂತು: ಗುಂಡಿಯನ್ನು ಹೆಚ್ಚು ಹೊತ್ತು ಹಿಡಿದಷ್ಟೂ ಎಸೆತಕ್ಕೆ ಬಲ, ಮಿತಿಮೀರಿ ಹಿಡಿದರೆ ಚೆಂಡು ಅಡ್ಡಾದಿಡ್ಡಿ. 2006ರಿಂದ ದಿ ಷೋ ಎಂಬ ಹೆಸರಿನಲ್ಲಿ ಬರುತ್ತಿರುವ ಸೋನಿ ಸಂಸ್ಥೆಯ ಸರಣಿಯಲ್ಲಿ ಈಗ ಎಸೆತಕ್ಕೆ ಹಲವು ಬಗೆಗಳನ್ನು ಕೊಟ್ಟಿದ್ದಾರೆ. ಬರಿಯ ಗುಂಡಿ ಒಂದು. ಸ್ಟಿಕ್ಕನ್ನು ಬೇಸಿನ ದಿಕ್ಕಿಗೆ ತಳ್ಳುವುದು ಇನ್ನೊಂದು. ಮತ್ತೊಂದರಲ್ಲಿ ಪಟ್ಟಿಯ ಮೇಲೆ ಮುಳ್ಳು ಓಡುತ್ತದೆ, ಅದು ಹಸಿರು ಭಾಗದಲ್ಲಿರುವಾಗ ಗುಂಡಿಯನ್ನು ಬಿಡಬೇಕು. ಎಸೆಯುವವನು ನಿಖರನಾಗಿದ್ದರೆ ಹಸಿರು ಅಗಲ, ಇಲ್ಲದಿದ್ದರೆ ಕಿರಿದು. ಇದಲ್ಲದೆ ಫೀಲ್ಡರ ಓಟ, ಚುರುಕು, ತೋಳಿನ ಬಲ, ತಪ್ಪುಗಳ ಪ್ರಮಾಣ ಇವುಗಳನ್ನು ಒಂದೊಂದಾಗಿ ಏರಿಸಿ ಇಳಿಸುವ ಅನುಕೂಲವೂ ಇದೆ. ರೇಡಿಯೋದ ಧ್ವನಿ ತಿರುಗಿಸಿದ ಹಾಗೆ ಕಷ್ಟವನ್ನು ತಿರುಗಿಸಬಹುದು.

ಎಷ್ಟಕ್ಕೆ ತಿರುಗಿಸಬೇಕು? ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ಅಮೆರಿಕದ ಮೇಜರ್ ಲೀಗಿನ ಈಚಿನ ವರ್ಷಗಳನ್ನು ತೆಗೆದುಕೊಂಡರೆ, ಬ್ಯಾಟುಗಾರರು ಸಾವಿರ ಸಲಕ್ಕೆ ಸುಮಾರು 245ರಿಂದ 250 ಸಲ ಮಾತ್ರ ಯಶಸ್ವಿಯಾಗಿ ಹೊಡೆಯುತ್ತಾರೆ. ಅದೇ ಫೀಲ್ಡರುಗಳು ತಮ್ಮ ಪಾಲಿಗೆ ಬಂದ ಸಾವಿರ ಅವಕಾಶಗಳಲ್ಲಿ ಸುಮಾರು 985ನ್ನು ತಪ್ಪಿಲ್ಲದೆ ಮುಗಿಸುತ್ತಾರೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಬ್ಯಾಟು ಬೀಸಿ ತಪ್ಪುವುದು ಆಟದ ಸಹಜಸ್ಥಿತಿ. ಅದರಿಂದ ಯಾರಿಗೂ ಅವಮಾನವಿಲ್ಲ. ಹಿಡಿದ ಚೆಂಡನ್ನು ತಪ್ಪಾಗಿ ಎಸೆಯುವುದು ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ. ಆದುದರಿಂದ ಬ್ಯಾಟಿಂಗಿನಷ್ಟೇ ಕಷ್ಟವನ್ನು ಎಸೆತಕ್ಕೂ ಹಾಕಿದರೆ ಅದು ಬೇಸ್‌ಬಾಲ್ ಆಗುವುದಿಲ್ಲ. ಹಾಗೆಂದು ಕಷ್ಟವನ್ನೆಲ್ಲ ತೆಗೆದುಹಾಕಿದರೆ ಆಡುವವನು ಸುಮ್ಮನೆ ನೋಡುವವನಾಗುತ್ತಾನೆ, ಚಿಕ್ಕಪ್ಪನ ಮಗ ನನ್ನನ್ನು ಮಾಡಹೊರಟಂತೆ.

ತಪ್ಪುಗಳಲ್ಲಿ ಮೂರು ಜಾತಿಯಿದೆಯೆಂದು ನಾನು ಎಣಿಸುತ್ತೇನೆ. ಯಂತ್ರವು ಒಳಗೊಳಗೇ ದಾಳ ಉರುಳಿಸಿ ಮಾಡಿಸುವ ತಪ್ಪು ಒಂದು. ಎಲ್ಲವನ್ನೂ ಸರಿಯಾಗಿ ಮಾಡಿದರೂ ನೂರಕ್ಕೆ ಒಂದೆರಡು ಸಲ ಚೆಂಡು ಜಾರುತ್ತದೆ. ಅಂಕಿ ಅಂಶದ ದೃಷ್ಟಿಯಿಂದ ಇದು ಸತ್ಯ, ಆದರೆ ಅನುಭವದ ದೃಷ್ಟಿಯಿಂದ ಅನ್ಯಾಯ. ನಾನಂತೂ ಯಂತ್ರವನ್ನು ಬೈದಿದ್ದೇನೆ. ಬೆರಳಿನ ತಪ್ಪು ಎರಡನೆಯದು: ಮುಳ್ಳು ಹಸಿರನ್ನು ದಾಟಿತು, ಚೆಂಡು ಮೊದಲನೆಯ ಬೇಸಿನವನ ತಲೆಯ ಮೇಲೆ ಹೋಯಿತು. ಕಾರಣ ಕಣ್ಣಿಗೆ ಕಾಣುವುದರಿಂದ ಇದನ್ನು ಸಹಿಸಿಕೊಳ್ಳಬಹುದು. ಆದರೆ ಹೆಬ್ಬೆರಳು ಸರಿಯಾಗಿ ಬಾಗದವನಿಗೆ, ವಯಸ್ಸಾದವರಿಗೆ ಇದು ಬಾಗಿಲು ಮುಚ್ಚಿದಂತೆ; ಎಸೆತದ ಬಗೆಗಳು ಹಲವಿರುವುದು ಅವರಿಗಾಗಿ, ಅದನ್ನು ಬಳಸಿಕೊಂಡರೆ ಕೀಳರಿಮೆಯೇನೂ ಬೇಕಿಲ್ಲ. ಮೂರನೆಯದು ತೀರ್ಮಾನದ ತಪ್ಪು. ಮೈದಾನದ ಅಂಚಿನಿಂದ ಮನೆಗೆ ಎಸೆದರೆ ಓಡುವವನು ಔಟಾಗುವ ಸಂಭವವುಂಟು. ಆದರೆ ಚೆಂಡು ಅಷ್ಟು ದೂರ ಹಾರುವ ಎರಡು ಸೆಕೆಂಡಿನಲ್ಲಿ ಹೊಡೆದವನು ಮೊದಲನೆಯ ಬೇಸಿನಿಂದ ಎರಡನೆಯದಕ್ಕೆ ಜಾರಿಕೊಳ್ಳುತ್ತಾನೆ. ಒಂದು ಓಟವನ್ನು ಬಿಟ್ಟುಕೊಟ್ಟು ಅವನನ್ನು ತಡೆಯುವುದು ಲೇಸೋ, ಓಟವನ್ನೇ ತಡೆಯಲು ಹೋಗುವುದು ಲೇಸೋ? ಕಷ್ಟವನ್ನು ಇಡಬೇಕಾದದ್ದು ಇಲ್ಲಿ. ನಿಜವಾದ ಫೀಲ್ಡರಿಗೂ ಇರುವ ಕಷ್ಟ ಇದೇ. ಅವನ ಕೈ ಸಾವಿರಕ್ಕೆ 985 ಸಲ ತಪ್ಪುವುದಿಲ್ಲವಷ್ಟೆ.

ಇದನ್ನು ನನಗೆ ತಿಳಿಸಿಕೊಟ್ಟವರು ಯಾವ ಪುಸ್ತಕದವರೂ ಅಲ್ಲ, ನಮ್ಮ ತಾತ. ಅವರು ನಾಲ್ಕು ದಿನ ಗೋಡೆಗೊರಗಿ ಕುಳಿತು ನಮ್ಮ ಆಟ ನೋಡಿದ್ದರು. ಬೇಸ್‌ಬಾಲಿನ ಗಂಧ ಅವರಿಗಿಲ್ಲ. ನಾನು ಮತ್ತೊಮ್ಮೆ ಚೆಂಡನ್ನು ಹಿಡಿದು, ತಡವಾಗಿ ಎಸೆದು, “ಈ ಕಂಟ್ರೋಲರೇ ಸರಿಯಿಲ್ಲ” ಎಂದೆ. ಕುಣಿಯಲಾರದವಳು ನೆಲ ಡೊಂಕೆಂದಂತಿತ್ತು ನನ್ನ ಮಾತು. ತಾತ ನಕ್ಕರು. “ಲೋ, ಹಿಡಿಯೋದು ಸರಿಯಾಗೇ ಹಿಡೀತೀಯ. ಚೆಂಡು ಕೈಗೆ ಬಂದ ಮೇಲೆ ಎಲ್ಲಿಗೆ ಎಸೀಲಿ ಅಂತ ಯೋಚ್ನೆ ಮಾಡ್ತೀಯ. ಅಷ್ಟರಲ್ಲಿ ಅವನು ಮನೆಗೆ ಹೋಗಿ ಊಟ ಮುಗಿಸಿರ್ತಾನೆ” ಎಂದರು.

ಮಾತು ನಾಟಿತು. ಮೇಲೆ ಹೇಳಿದ ಸೆಕೆಂಡಿನ ಹತ್ತರಲ್ಲಿ ಮೂರು ಪಾಲನ್ನು ನಾನು ಯೋಚನೆಗೆ ಖರ್ಚುಮಾಡುತ್ತಿದ್ದೆ. ಈಚಿನ ಆಟಗಳಲ್ಲಿ ಚೆಂಡು ಗ್ಲೌಸಿಗೆ ಬರುವ ಮೊದಲೇ ಎಸೆಯುವ ಗುಂಡಿಯನ್ನು ಒತ್ತಿಡಬಹುದು. ಹಿಡಿದೊಡನೆ ಫೀಲ್ಡರು ಅತ್ತ ಎಸೆಯುತ್ತಾನೆ. ಆದರೆ ಮೊದಲೇ ಒತ್ತಬೇಕಾದರೆ ಮೊದಲೇ ತೀರ್ಮಾನಿಸಿರಬೇಕು. ಅಂದಿನಿಂದ ಪ್ರತಿ ಚೆಂಡಿಗೂ ಮುಂಚೆ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ಮಾಡಿದೆ: ಒಬ್ಬ ಔಟು, ಮೊದಲನೆಯ ಬೇಸಿನಲ್ಲಿ ಒಬ್ಬ; ನೆಲದ ಚೆಂಡು ಬಂದರೆ ಎರಡನೆಯದಕ್ಕೆ, ಅಲ್ಲಿಂದ ಮೊದಲನೆಯದಕ್ಕೆ. ಇಬ್ಬರು ಔಟು, ಏನೇ ಬಂದರೂ ಹತ್ತಿರದ ಬೇಸಿಗೆ. ಹುಡುಗನಿಗೆ ಈ ಜಪ ತಮಾಷೆಯಾಗಿ ಕಂಡು ತಾನೂ ಕಲಿತ. ಹಾಗೆ ಅವನ ಬಾಯಿಗೆ “ಎರಡನೆಯದಕ್ಕೆ”, “ಮನೆಗೆ” ಎಂಬ ಮಾತುಗಳು ಬಂದವು. ಪಟ್ಟಿಯನ್ನು ತೆಗೆದು ಬರಿಯ ಗುಂಡಿಯ ಎಸೆತವನ್ನು ಇಟ್ಟುಕೊಳ್ಳೋಣವೆಂದು ನಾನೇ ಸೂಚಿಸಿದೆ. ಅವನು ಒಪ್ಪಲಿಲ್ಲ, ಕೊನೆಗೆ ನನಗೆ ಗುಂಡಿ, ಅವನಿಗೆ ಪಟ್ಟಿ ಎಂದು ರಾಜಿಯಾಯಿತು. ಯಂತ್ರ ಅದಕ್ಕೇನೂ ಅಡ್ಡಿಮಾಡಲಿಲ್ಲ.

ಅವರು ಹೊರಡುವ ಹಿಂದಿನ ರಾತ್ರಿ ಕೊನೆಯ ಪಂದ್ಯವಾಯಿತು. ಒಂಬತ್ತು ಇನ್ನಿಂಗ್ಸುಗಳಲ್ಲಿ ನಾನು ಒಂದು ಎಸೆತವನ್ನೂ ತಪ್ಪು ಬೇಸಿಗೆ ಎಸೆಯಲಿಲ್ಲ. ಎರಡು ಸಲ ಒಂದೇ ಚೆಂಡಿಗೆ ಇಬ್ಬರನ್ನು ಔಟು ಮಾಡಿದೆ. ಆದರೂ 4-5ರಿಂದ ಸೋತೆ. ಅವನ ಐದನೆಯ ಓಟ ಬಂದದ್ದು ಬೇಲಿಯ ಆಚೆಗೆ ಬಿದ್ದ ಹೊಡೆತದಿಂದ. ನನ್ನ ಫೀಲ್ಡರು ಬೇಲಿಯವರೆಗೆ ಓಡಿ, ತಲೆಯೆತ್ತಿ ನೋಡುತ್ತ ನಿಂತಿದ್ದ.